ಮೇಷ್ಟರ ಹತ್ತೊಂಬತ್ತು ಅಂಕಿ

ಕಲ್ಲಿನ ಮೇಲೆ ಹೆಸರು ಕೆತ್ತುವ ಆ ಹೆಂಗಸನ್ನು ಬೀದಿಯವರೆಲ್ಲ ‘ಉಳಿಯಕ್ಕ’ ಅನ್ನುತ್ತಿದ್ದರು. ಒಮ್ಮೆ ಗಿರಾಕಿಯ ಬಾಯಿಮಾತು ನಂಬಿ ತಪ್ಪು ಇಸವಿ ಕೆತ್ತಿ, ಹೋದಲ್ಲಿ ಬಂದಲ್ಲಿ ಬೈಸಿಕೊಂಡ ಮೇಲೆ ಆಕೆ ಯಾರನ್ನೂ ನಂಬುತ್ತಿರಲಿಲ್ಲ.

ಒಂದು ಬೆಳಿಗ್ಗೆ, ತೀರಿಹೋದ ಲೆಕ್ಕದ ಮೇಷ್ಟರ ಮಗಳು ಚೀಟಿ ಹಿಡಿದು ಬಂದಳು. ಶಾಲೆಯ ಅಂಗಳದಲ್ಲಿ ನಿಲ್ಲಿಸುವ ಕಲ್ಲು. ಮೇಷ್ಟರ ಹೆಸರು, ಅದರ ಕೆಳಗೆ 2305843009218693951, ಕೊನೆಗೆ ‘ಅವಿಭಾಜ್ಯ ಸಂಖ್ಯೆ’ ಎಂಬ ಎರಡು ಪದ.

“ಏನಮ್ಮ ಇದು?”

“ಅಪ್ಪಂಗೆ ತುಂಬ ಇಷ್ಟದ ಸಂಖ್ಯೆ ಅಕ್ಕಾ. ಒಂದು ಮತ್ತೆ ಇದೇ ಸಂಖ್ಯೆ, ಇವೆರಡನ್ನ ಬಿಟ್ಟು ಬೇರೆ ಯಾವುದರಿಂದಾನೂ ಭಾಗ ಆಗಲ್ಲ.”

ಅವಳು ಹೋದದ್ದೇ ತಡ, ಉಳಿಯಕ್ಕ ಪಾಲಿಶ್ ಹಾಕುತ್ತಿದ್ದ ತಮ್ಮನ ಬಳಿ ಬಂದಳು. “ಸತ್ತೋರ ಕಲ್ಲಿಗೆ ನಂಬರ್ ಯಾಕೋ? ಯಾವುದೋ ಪೆಟ್ಟಿಗೆ ಬೀಗದ್ದಿರಬೇಕು. ಯಾರಿಗೋ ಸುಳಿವು ಕೊಡ್ತಿದಾಳೆ.”

“ಗುಟ್ಟು ಅಂದ್ರೆ ಆಳೆತ್ತರದ ಕಲ್ಲಲ್ಲಿ ಕೆತ್ತಿಸ್ತಾರಾ?” ಎಂದು ತಮ್ಮ ನಕ್ಕ.

ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆ ಚೀಟಿಯ ಅಂಕಿಗಳನ್ನೂ ಕಲ್ಲಿನ ಅಂಕಿಗಳನ್ನೂ ಬೇರೆಬೇರೆಯಾಗಿ ಕೂಡಿ ತಾಳೆ ನೋಡುವುದು ಆಕೆಯ ರೂಢಿ. ಎರಡೂ ಕಡೆ ಎಪ್ಪತ್ತೆಂಟು ಬಂತು. ಉಳಿ ಎತ್ತಿದವಳು ಹಾಗೇ ನಿಂತುಬಿಟ್ಟಳು. ಎಪ್ಪತ್ತೆಂಟು ಮೂರರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆಂದು ಶಾಲೆಯಲ್ಲಿ ಕಲಿತದ್ದು ನೆನಪಿತ್ತು.

“ನೋಡಿದ್ಯಾ? ಹಸೀ ಸುಳ್ಳು!”

ಮಾರನೆಯ ದಿನ ಮಗಳು ಬಂದಾಗ ಉಳಿಯಕ್ಕ ನೇರವಾಗಿಯೇ ಕೇಳಿದಳು: “ಸುಳ್ಳು ಹೇಳಿದ್ದು ನಿಮ್ಮಪ್ಪಾನೋ, ನೀವೋ?”

ವಿಷಯ ತಿಳಿದು ಮಗಳ ಮುಖ ಸಪ್ಪಗಾಯಿತು. ಮನೆಗೆ ಓಡಿ ಅಪ್ಪನ ನೋಟ್‌ಬುಕ್ ತಂದಳು. ಹದಿಮೂರನೆಯ ಅಂಕಿ ಸುರುಳಿ ಸುತ್ತಿದ 3; ಅವಳು ಅದನ್ನು 8 ಎಂದು ಓದಿಕೊಂಡಿದ್ದಳು.

“ಅಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ರು,” ಎಂದು ಕಣ್ಣೊರೆಸಿಕೊಂಡಳು.

ಈಗ ಮೊತ್ತ ಎಪ್ಪತ್ತಮೂರು, ಮೂರರಿಂದ ಭಾಗವಾಗದು. ಉಳಿಯಕ್ಕನಿಗೆ ಅಷ್ಟು ಸಾಲದು. “ಮಿಕ್ಕ ಅಂಕಿ ಸರಿ ಅಂತ ಏನು ಗ್ಯಾರಂಟಿ?”

ಎರಡನ್ನು ಅರವತ್ತು ಸಲ ಇಮ್ಮಡಿಸಿ, ಕೊನೆಗೆ ಒಂದು ಕಳೆದರೆ ಇದೇ ಬರಬೇಕೆಂದು ಮಗಳು ವಿವರಿಸಿದಳು. ಇಬ್ಬರೂ ಚಪ್ಪಡಿಯ ಮೇಲೆ ಕೂತು ಲೆಕ್ಕಕ್ಕೆ ಇಳಿದರು. ನಡುವೆ ಒಂದು ಕಡೆ ದಶಕ ಕೂಡಿಸುವುದು ಬಿಟ್ಟುಹೋಗಿ ಅಲ್ಲಿಂದ ಮತ್ತೆ ಮಾಡಬೇಕಾಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹತ್ತೊಂಬತ್ತು ಅಂಕಿಯೂ ನೋಟ್‌ಬುಕ್ಕಿನಲ್ಲಿದ್ದಂತೆಯೇ ಬಂದವು. ಮಗಳು ಮಕ್ಕಳಂತೆ ಚಪ್ಪಾಳೆ ತಟ್ಟಿದಳು.

“ಅಂಕಿ ಕೆತ್ತುತೀನಿ. ಅವಿಭಾಜ್ಯ ಅನ್ನೋದನ್ನ ಮಾತ್ರ ಕೆತ್ತಲ್ಲ,” ಎಂದಳು ಉಳಿಯಕ್ಕ.

“ನೂರು ವರ್ಷಕ್ಕೂ ಹಿಂದೇನೇ ಗಣಿತದೋರು ತೋರಿಸಿಕೊಟ್ಟಿದಾರೆ ಅಕ್ಕಾ!”

“ತೋರಿಸಿರಬಹುದು. ನಾನು ಏಳರಿಂದ, ಹನ್ನೊಂದರಿಂದ ಭಾಗಿಸಿ ನೋಡ್ದೆ, ಆಗ್ಲಿಲ್ಲ. ಮಿಕ್ಕಿದ್ದು ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕಲ್ಲಲ್ಲಿ ಹೇಗಮ್ಮ ಹೇಳ್ಲಿ?”

ಮಗಳು ನೋಟ್‌ಬುಕ್ ಮುಚ್ಚಿ, “ಅಪ್ಪಂಗೆ ನಿಮ್ಮಂಥ ವಿದ್ಯಾರ್ಥಿ ಸಿಗಬೇಕಿತ್ತು,” ಎಂದಳು. ಇವಳು ಪೂಸಿ ಹೊಡೆಯುತ್ತಿದ್ದಾಳೆಯೇ ಎಂದು ಉಳಿಯಕ್ಕ ಓರೆಗಣ್ಣಿನಿಂದ ನೋಡಿದಳು. ಆ ಎರಡು ಪದವಿಲ್ಲದೆಯೇ ಕಲ್ಲು ಶಾಲೆಗೆ ಹೋಯಿತು.