ಸೆರಗಿನ ತುದಿಯಲ್ಲಿ ಒರೆಸಿದ್ದು

ಇವತ್ತು ಅಂಗಳ ಗುಡಿಸಿದೆ, ಕುರಿಮರಿಗಳಿಗೆ ಸೊಪ್ಪು ಕಟ್ಟಿದೆ, ಹುರುಳಿ ಬೇಯಿಸಿಟ್ಟೆ. ಆಮೇಲೆ ಅಂಗನವಾಡಿಗೆ ಹೋಗಿ, ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತನ್ನು ಹೇಳಿದೆ — ನನ್ನ ಮೊಮ್ಮಗಳು ಗೌರಿ ಕೂಸಾಗಿದ್ದಾಗ ನರ್ಸ್ ಸರೋಜಮ್ಮ ಬಾಯಿಗೆ ಹಾಕಿದ ಭೇದಿ ತಡೆಯುವ ಲಸಿಕೆಯನ್ನು ಒರೆಸಿ ತೆಗೆದವಳು ನಾನು. ಮೂರು ಸಲವೂ.

ಪುರವರದ ಈ ಕಡೆ ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು ನಾನೇ. ನೀರು ಹಾಕಿ, ಬೆರಳಿಗೆ ಬಟ್ಟೆ ಸುತ್ತಿ ಬಾಯೊಳಗೆ ಒರೆಸುವುದು ವಾಡಿಕೆ. ಪಳಗಿದ ಬೆರಳು — ಸೊಸೆ ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಸೆರಗಿನ ತುದಿಯಿಂದ ಮುಗಿಸಿಬಿಟ್ಟೆ. ಪೋಲಿಯೊ ಹನಿ ನುಂಗಲು ಬಿಟ್ಟೆ, ಅದು ಗೊತ್ತಿದ್ದದ್ದು. ಈ ಹೊಸದು — ಹಲ್ಲು ಬರುವಾಗ ಯಾವ ಕೂಸಿಗೆ ಭೇದಿಯಾಗುವುದಿಲ್ಲ, ಅದಕ್ಕೂ ಔಷಧಿಯೇ ಅಂದುಕೊಂಡೆ.

ಗೌರಿಗೆ ಭೇದಿ ಹಿಡಿಯಿತು. ಕಣ್ಣು ಗುಳಿಬಿದ್ದವು. ಸರೋಜಮ್ಮ ಮಧುಗಿರಿ ಆಸ್ಪತ್ರೆಯವರೆಗೂ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ನೀರು ಕುಡಿಸುತ್ತಾ ಬಂದರು. ಮಗು ಉಳಿಯಿತು.

ಊರು ಮಾತ್ರ ಸರೋಜಮ್ಮನನ್ನೇ ದೂರಿತು. ಪಕ್ಕದ ಮನೆ ಕೆಂಪಕ್ಕ ಬಾಗಿಲಲ್ಲೇ ತಡೆದಳು. "ನಿನ್ ಔಸ್ದಿ ಕುಡ್ದ ಕೂಸ್ಗೇ ಇಂಗಾಯ್ತಲ್ಲ ಕಣಮ್ಮ. ನಮ್ಗ್ಯಾಕೆ, ಬುಡು."

"ಎಲ್ಲಾ ಭೇದಿನೂ ತಡೆಯಲ್ಲ ಕಣಕ್ಕ, ಜೀವಕ್ಕೆ ಬರೋ ಅಂಥದ್ನ ತಡೀತೈತೆ. ಮತ್ತೆ ಬತ್ತೀನಿ, ಕಾಫಿ ಕಾಸಿಟ್ಟಿರು," ಅಂದು ಸರೋಜಮ್ಮ ನಕ್ಕರು. ಮತ್ತೆ ಬಂದರು. ಅದೇ ಬಾಗಿಲುಗಳಿಗೆ, ಲಸಿಕೆ ಡಬ್ಬಿ ಹೊತ್ತು, ಬೈಸಿಕೊಂಡು — ಒಮ್ಮೆಯೂ ಮುಖ ಗಂಟಿಕ್ಕದೆ. ನನ್ನ ಒಂದು ಮಾತು ಸಾಕಿತ್ತು. ಸೊಸೆ ಏನಂದಾಳೋ ಎಂದು —

ಇವತ್ತು ಕೆಂಪಕ್ಕ ಮಗಳ ಕೂಸನ್ನು ಅಂಗನವಾಡಿಗೆ ತಂದೂ ಮತ್ತೆ ಗೌರಿಯ ಹೆಸರೆತ್ತಿ ಬೇಡವೆಂದಳು. ಆಗ ಹೇಳಿದೆ. ಸೊಸೆಯೂ ಅಲ್ಲೇ ಇದ್ದಳು.

ಕೆಂಪಕ್ಕ ನನ್ನನ್ನೇ ನೋಡಿದಳು. "ಲೇ, ಇಷ್ಟ್ ದಿನ ಈಯಮ್ಮುನ್ನ ಬೈದಿದ್ದು ನಿನ್ ಬೆರಳಿನ್ ಕೆಲ್ಸುಕ್ಕಾ?"

ಸರೋಜಮ್ಮ ಕೆಂಪಕ್ಕನ ಕೈಯಿಂದ ಕೂಸನ್ನು ತೆಗೆದು ನನ್ನ ಮಡಿಲಿಗೇ ಕೊಟ್ಟರು. "ತಲೆ ಸರಿಯಾಗಿ ಹಿಡ್ಕೊಳಕ್ಕ. ನಿನ್ಗಿಂತ ಚೆನ್ನಾಗಿ ಇಲ್ಯಾರ್ಗ್ ಬತ್ತದೆ?"

ಸರೋಜಮ್ಮ ಲಸಿಕೆ ಹಾಕಿದರು, ಕೂಸು ನುಂಗಿತು. ನಾನು ಬಾಯಿ ಒರೆಸಲಿಲ್ಲ.

ಸಂಜೆ ಸೊಸೆ ಬಡಿಸಿದಳು. ಮುದ್ದೆ, ಹುರುಳಿ ಸಾರು ಉಂಡೆವು. ದಿನಾ ನನ್ನ ಪಕ್ಕ ಮಲಗುವ ಗೌರಿಯನ್ನು ಇವತ್ತು ಸೊಸೆ ತನ್ನ ಪಕ್ಕಕ್ಕೆ ಕರೆದುಕೊಂಡಳು. ಮಗುವೇ ಮೊದಲು ನಿದ್ದೆ ಹೋಯಿತು.