ಕಪಾಟಿನ ಹಿಂದಿನ ದನಿ

ಗುಲಾಬಿ ಅಕ್ಕಾ, ನಾನು ನಿಮಗೆ ಸುಳ್ಳು ಹೇಳಿದ್ದೇನೆ. ಎರಡು ಸಲ. ಮೊದಲನೆಯದನ್ನು ಸದಾನಂದಣ್ಣನ ಕೊನೆಯ ನಾಟಕಕ್ಕೆ ಮುಂಚೆ ಹೇಳಿದೆ, ಎರಡನೆಯದನ್ನು ಅವರು ಕಾಣೆಯಾದ ಮೇಲೆ. ಆ ಎರಡನೆಯದು ಇವತ್ತಿಗೂ ಮುಗಿದಿಲ್ಲ — ನಿಮ್ಮ ಮನೆಗೆ ಬಂದು, ನಿಮ್ಮ ಕೈಯ ಚಹಾ ಕುಡಿದು, ಏನೂ ಹೇಳದೆ ಎದ್ದು ಬಂದಾಗಲೆಲ್ಲ ಅದನ್ನೇ ಮತ್ತೆ ಹೇಳಿದಂತೆ.

ನಾನು ಪುಕ್ಕಲ, ಅದು ನಿಮಗೂ ಗೊತ್ತು. ಎಷ್ಟು ಪುಕ್ಕಲ ಎಂಬುದು ಮಾತ್ರ ಗೊತ್ತಿಲ್ಲ.

ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಅದು ಸುಲಭ. ಧಾರವಾಡದಿಂದ ಬಂದು ಘಣಸೋಲಿಯ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಡೊಂಬಿವಲಿಯ ನಮ್ಮ ಕನ್ನಡ ಸಂಘವೇ ಊರು, ಓಣಿ, ಬಳಗ ಎಲ್ಲ. ಬಂದ ಹೊಸದರಲ್ಲಿ ವಾರ್ಷಿಕ ನಾಟಕದಲ್ಲಿ ಒಂದು ಪೋಲೀಸನ ಪಾತ್ರ ಕೊಟ್ಟರು. ನಾಲ್ಕೇ ಮಾತು. ಪರದೆ ಎದ್ದಾಗ ಒಂದೂ ಹೊರಡಲಿಲ್ಲ. ಸಭೆ ನಕ್ಕಿತು. ನನ್ನ ತೋಳು ಹಿಡಿದು, "ಈ ಪೋಲೀಸನಿಗೆ ಜ್ವರ ಬಂದಿದೆ, ಒಳಗೆ ಕರ್ಕೊಂಡು ಹೋಗಿ" ಎಂದು ಆ ನಗೆಯನ್ನೇ ನಾಟಕದೊಳಗೆ ಸೇರಿಸಿ ನನ್ನ ಮರ್ಯಾದೆ ಉಳಿಸಿದವರು ನಿಮ್ಮ ಯಜಮಾನರು, ಸದಾನಂದಣ್ಣ. ಅಂದಿನಿಂದ ನಾನು ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಪುಟ್ಟ ಟಾರ್ಚ್ ಹಿಡಿದು, ಮಾತು ಮರೆತವರಿಗೆ ಪಿಸುದನಿಯಲ್ಲಿ ಮಾತು ಕೊಡುವವನು. ಅವರಿಗೊಬ್ಬರಿಗೆ ಮಾತ್ರ ಎಂದೂ ಕೊಡಬೇಕಾಗಿ ಬಂದಿರಲಿಲ್ಲ. ಕಳವಾ ಸ್ಟೇಷನ್ನಿನ ಹತ್ತಿರ ಇಡೀ ದಿನ ಕ್ಯಾಂಟೀನ್ ನೋಡಿಕೊಂಡು, ಲೋಕಲ್‌ನಲ್ಲಿ ನಿಂತುಕೊಂಡೇ ಪಾತ್ರ ಬಾಯಿಪಾಠ ಮಾಡಿ ಬರುತ್ತಿದ್ದರು. ನಮ್ಮ ಟಿಕೆಟ್ ಖರ್ಚಾಗುತ್ತಿದ್ದುದೂ ಅವರ ಹೆಸರಿಗೇ.

ಇನ್ನು ನಿಮಗೆ ಗೊತ್ತಿಲ್ಲದ್ದು.

ಆ ಕೊನೆಯ ಸಲದ್ದು ನಮ್ಮವರೇ ಒಬ್ಬರು ಬರೆದ ನಾಟಕ. ಅಣ್ಣನದು ನಿವೃತ್ತ ನ್ಯಾಯಾಧೀಶನ ಪಾತ್ರ, ಶುರುವಿನಿಂದ ಕೊನೆಯವರೆಗೂ ರಂಗದ ಮೇಲೆಯೇ ಇರಬೇಕು. ಕ್ಯಾಂಟೀನ್ ಬಿಟ್ಟುಕೊಟ್ಟು ಅವರು ಮನೆಯಲ್ಲಿದ್ದರು. ತಾಲೀಮು ಶನಿವಾರ ಸಂಜೆ ಒಂದು ಶಾಲೆಯ ಕೋಣೆಯಲ್ಲಿ. ಮೊದಲ ವಾರಗಳಲ್ಲಿ ಒಂದೊಂದು ಪದ ಕೇಳಿದರು. ವಯಸ್ಸಾಯಿತಲ್ಲ, ಎಂದುಕೊಂಡೆ. ಆಮೇಲೆ ಅರ್ಧ ಸಾಲು. ಆಮೇಲೆ ಇಡೀ ಸಾಲು. ಆಮೇಲೆ ಒಂದು ಶನಿವಾರ ಚಹಾ ಕುಡಿಯುತ್ತ ನಿಂತಾಗ ನನ್ನನ್ನೇ ದಿಟ್ಟಿಸಿ ನೋಡಿ, "ನೀನು ನಮ್ಮ ಕ್ಯಾಂಟೀನಿನವನಲ್ವಾ?" ಎಂದರು.

ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತಿಗೆ ಮುಖ ತಿಳಿಯಾಯಿತು, ಕಣ್ಣಲ್ಲಿ ನೀರು ಬಂತು.

"ರಾಘು, ಮನೆಯಲ್ಲಿ ಹೇಳ್ಬೇಡ ಮಾರಾಯ. ಗುಲಾಬಿ ಹೆದರ್ತಾಳೆ. ಇದೊಂದು ನಾಟಕ ಆಗಲಿ."

ಹೂಂ ಎಂದೆ. ಅವರ ಮೇಲಿನ ಪ್ರೀತಿಗೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರೀತಿ ಇತ್ತು, ಇಲ್ಲವೆನ್ನಲಾರೆ. ಆದರೆ ಅಕ್ಕಾ, ಅಷ್ಟೇ ಆಗಿದ್ದರೆ ಈ ಕಾಗದ ಬೇಕಾಗಿರಲಿಲ್ಲ. ಅವರ ಬಾಯಿಂದ ಬರುತ್ತಿದ್ದ ಪ್ರತಿಯೊಂದು ಮಾತೂ ನನ್ನದಾಗಿತ್ತು. ನಾನು ಎಲ್ಲಿ ಉಸಿರು ಎಳೆದುಕೊಂಡೆನೋ ಅಲ್ಲೇ ಅವರು ತಡೆಯುತ್ತಿದ್ದರು, ನಾನು ಎಲ್ಲಿ ದನಿ ಇಳಿಸಿದೆನೋ ಅಲ್ಲೇ ಇಳಿಸುತ್ತಿದ್ದರು. "ಈ ಸಲ ಸದಾನಂದಣ್ಣನ ಮಾತಿಗೆ ಬೇರೆಯೇ ತೂಕ ಬಂದಿದೆ" ಎಂದು ನಿರ್ದೇಶಕರು ಎಲ್ಲರೆದುರು ಹೊಗಳಿದಾಗ ನನಗೆ ಆದ ಹಿಗ್ಗು — ಅದು ನಾಚಿಕೆಗೇಡಿನ ಹಿಗ್ಗು. ನಾಲ್ಕು ಮಾತು ಆಡಲಾರದೆ ಓಡಿಬಂದವನು ಈಗ ಇನ್ನೊಬ್ಬರ ಮೈಯಲ್ಲಿ ಕೂತು ನಾಯಕನಾಗಿದ್ದೆ. ಅವರ ನೆನಪು ಇಳಿದಷ್ಟೂ ನನ್ನ ಪಾತ್ರ ಬೆಳೆಯುತ್ತಿತ್ತು. ಅದು ನನಗೆ ಗೊತ್ತಿತ್ತು, ಬೇಕಾಗಿಯೂ ಇತ್ತು.

ಪಕ್ಕದ ಪರದೆಯಿಂದ ಅಷ್ಟೆಲ್ಲ ಹೇಳಿಕೊಡಲು ಆಗುವುದಿಲ್ಲ. ನ್ಯಾಯಾಧೀಶನ ಮನೆಯೆಂದ ಮೇಲೆ ಪುಸ್ತಕದ ದೊಡ್ಡ ಕಪಾಟು ಬೇಡವೇ, ನಡುವೆಯೇ ಇಡೋಣ ಎಂದು ನಿರ್ದೇಶಕರ ತಲೆಯಲ್ಲಿ ಬಿತ್ತಿದವನು ನಾನೇ. ಕಪಾಟಿನ ಬೆನ್ನಿಗೆ ಬರೀ ಬಟ್ಟೆ. ಅದರ ಹಿಂದೆ ನಾನು.

ಆ ದಿನಗಳಲ್ಲೇ ನೀವು ಸ್ಟೇಷನ್ ಹತ್ತಿರದ ತರಕಾರಿ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದಿರಿ.

"ರಾಘಣ್ಣ, ಒಂದು ಕೇಳ್ತೇನೆ, ನಿಜ ಹೇಳ್ಬೇಕು. ಮೊನ್ನೆ ಇವರು ಗ್ಯಾಸ್ ಹಚ್ಚಿ ಹಾಲಿಡ್ಲಿಕ್ಕೇ ಮರೆತಿದ್ದಾರೆ. ಸುಮ್ನೆ ಕೂತಿದ್ರು. ಅಳಿಯ ಡಾಕ್ಟ್ರಿಗೆ ತೋರಿಸುವ ಅಂತಾರೆ. ಅಲ್ಲಿ ತಾಲೀಮಿನಲ್ಲಿ ಸರಿ ಉಂಟಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾದೆ. ಟಿಕೆಟ್ ಹಂಚಿಯಾಗಿತ್ತು, ಪಕ್ಕದ ಕಲ್ಯಾಣ ಊರಿನಲ್ಲಿ ಹಾಲ್ ಗೊತ್ತುಮಾಡಿಯಾಗಿತ್ತು. ನಿಜ ಹೇಳಿದರೆ ನಾಟಕ ನಿಲ್ಲುತ್ತದೆ. ನನ್ನ ನಾಟಕ.

"ಏನಿಲ್ರೀ ಅಕ್ಕಾರ. ಇಡೀ ಪಾತ್ರ ಬಾಯಿಪಾಠ ಮಾಡ್ಯಾರ. ಅದರಾಗ ಮುಳುಗಿ ಹಾಲು-ಗೀಲು ಮರ್ತಾರ, ಅಷ್ಟ."

ನಿಮ್ಮ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗಾದರೆ ಡಾಕ್ಟ್ರಿಗೆ ನಾಟಕ ಕಳೆದ ಮೇಲೆ ತೋರಿಸುವ ಎಂದು ನಿರಾಳವಾಗಿ ಬಸಳೆ ಸೊಪ್ಪಿಗೆ ಚೌಕಾಸಿ ಮಾಡಲು ನಿಂತಿರಿ. ಇದು ಮೊದಲನೆಯ ಸುಳ್ಳು.

ನಾಟಕದ ಭಾನುವಾರ ಮಧ್ಯಾಹ್ನ ಟಾರ್ಚ್ ಹಿಡಿದು ಕಪಾಟಿನ ಹಿಂದೆ ಕೂತೆ. ಮೊದಲ ಅಂಕ ದಾಟಿತು. ಎರಡನೆಯದರ ನಡುವೆ ನಾನು ಸಾಲು ಕೊಟ್ಟೆ, ಅವರು ಆಡಲಿಲ್ಲ. ಮತ್ತೆ ಕೊಟ್ಟೆ. ಇಲ್ಲ. ಬಟ್ಟೆಯ ಸಂದಿಯಿಂದ ನೋಡಿದರೆ ಕಪಾಟಿನ ಕಡೆಗೇ ತಿರುಗಿ ನಿಂತಿದ್ದಾರೆ. ಆ ಕಣ್ಣು, ಅಕ್ಕಾ — ಸಂತೆಯಲ್ಲಿ ಕೈತಪ್ಪಿದ ಮಗುವಿನ ಕಣ್ಣು. ಆಮೇಲೆ ನಿಧಾನವಾಗಿ ಸಭೆಯತ್ತ ತಿರುಗಿ, ನಿಮ್ಮ ಮನೆಮಾತು ತುಳುವಿನಲ್ಲಿ ಕೇಳಿದರು: "ಯಾನ್ ಓಲುಲ್ಲೆ?" ನಾನೆಲ್ಲಿದ್ದೇನೆ?

ಸಭೆ ಚಪ್ಪಾಳೆ ತಟ್ಟಿತು. ಅದೂ ಪಾತ್ರದ ಮಾತೆಂದು, ಸದಾನಂದಣ್ಣ ಅಲ್ಲಿಯೇ ಹುಟ್ಟಿಸಿಕೊಂಡದ್ದೆಂದು. ಎರಡನೆಯ ಸಾಲಿನಲ್ಲಿ ಕೂತಿದ್ದ ನೀವೂ ಕಣ್ಣೊರೆಸಿಕೊಂಡಿರಿ, ನೋಡಿದೆ. ಆ ಜನರ ನಡುವೆ ಅದು ನಿಜವಾದ ಪ್ರಶ್ನೆಯೆಂದು ತಿಳಿದಿದ್ದವನು ನಾನೊಬ್ಬನೇ. ನಾಟಕ ಅಲ್ಲಿಗೇ ನಿಲ್ಲಿಸಬಹುದಿತ್ತು. ಪರದೆ ಎಳೆಸಬಹುದಿತ್ತು. ನಾನು ಮುಂದಿನ ಸಾಲು ಕೊಟ್ಟೆ. ಅವರು ಆಡಿದರು.

ಮುಗಿದ ಮೇಲೆ ನೀವು ಒಳಗೆ ಬಂದಿರಿ. ಬಾಣಂತಿ ಮಗಳನ್ನೂ ಕೂಸನ್ನೂ ಬಿಟ್ಟಿರುವಂತಿರಲಿಲ್ಲ, ಅಳಿಯನ ಕಾರಿನಲ್ಲಿ ನೆರೂಳಿನ ಅವರ ಮನೆಗೆ ಹೊರಟಿದ್ದಿರಿ. "ರಾಘಣ್ಣ, ಹೇಗೂ ನೀವೂ ಡೊಂಬಿವಲಿಗೇ. ಇವರನ್ನು ಮನೆ ಮುಟ್ಟಿಸ್ತೀರಲ್ಲ?" ಎಂದಿರಿ. "ಮುಟ್ಟಸ್ತೀನ್ರೀ ಅಕ್ಕಾರ" ಎಂದೆ. ನೀವು ಹೋದದ್ದೇ ಸಂಘದ ಕಾರ್ಯದರ್ಶಿ ಬಂದು, ಕಲಾವಿದರ ಸನ್ಮಾನದಲ್ಲಿ ಈ ಸಲ ನಿನಗೂ ಒಂದು ಶಾಲು ಇದೆ, ಎಲ್ಲೂ ಹೋಗಬೇಡ ಎಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ.

ಅಣ್ಣ ಮುಖದ ಬಣ್ಣವನ್ನೂ ಪೂರ್ತಿ ಒರೆಸಿಕೊಳ್ಳದೆ ಬಾಗಿಲು ಎಳೆಯುತ್ತ, ಮನೆಗೆ ಹೋಗುವ, ಮನೆಗೆ ಹೋಗುವ ಎನ್ನುತ್ತಿದ್ದರು. ಹೊರಗೆ ಅಭಿನಂದಿಸಲು ಜನ. ಯಾರಾದರೂ ಎರಡು ಮಾತು ಆಡಿಸಿದರೆ ಎಲ್ಲ ಬಯಲಾಗುತ್ತದೆ. ಆ ಭಯಕ್ಕೆ ಅವರನ್ನು ಹಿಂಬಾಗಿಲಿನಿಂದ ರಿಕ್ಷಾ ಹತ್ತಿಸಿ ಕಲ್ಯಾಣ ಸ್ಟೇಷನ್ನಿಗೆ ಒಯ್ದು, ಸ್ಲೋ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕೂರಿಸಿ, ವಾಪಸು ಬಂದು ಶಾಲು ಹೊದೆಸಿಕೊಂಡೆ. ನಡುವೆ ಠಾಕುರ್ಲಿ ಒಂದೇ, ಅದು ಬಿಟ್ಟರೆ ಡೊಂಬಿವಲಿ. ಇಷ್ಟು ಹತ್ತಿರಕ್ಕೆ ಏನಾಗುತ್ತದೆ ಎಂದು —

ಅವರು ಇಳಿಯಲಿಲ್ಲ.

ಮರುದಿನ ರೈಲ್ವೆ ಪೋಲೀಸರ ಮುಂದೆ ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ. ಮರೆವಿನ ಕಾಯಿಲೆ ಏನಾದರೂ ಇದೆಯೇ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ನೀವು ನನ್ನ ಮುಖ ನೋಡಿದಿರಿ. ಇಲ್ಲ ಎಂದೆ. ಹಾಗಾದರೆ ನೀನೇಕೆ ಜೊತೆಗೆ ಹೋಗಲಿಲ್ಲ ಎಂದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಅವರೇ ಬೇಡವೆಂದರು, ಯಾರ ಮೇಲೋ ಸಿಟ್ಟಾಗಿದ್ದರು, ನಾನೊಬ್ಬನೇ ಹೋಗುತ್ತೇನೆ, ನೀನು ಬರಬೇಡ ಎಂದರು.

ಸಿಟ್ಟು. ಆ ಪದವನ್ನು ನಾನು ಹುಟ್ಟಿಸಿದೆ. ನನ್ನ ಮೈಮೇಲೆ ಬರುವುದನ್ನು ಜಾಡಿಸಿಕೊಳ್ಳಲು ಹುಟ್ಟಿಸಿದೆ. ಅದು ಹೋಗಿ ನಿಮ್ಮ ಮೈಮೇಲೆ ಕೂತಿತು.

ಮನಸ್ಸು ಕೆಡಿಸಿಕೊಂಡು ಮನೆ ಬಿಟ್ಟವರು ತಾವೇ ಬರುತ್ತಾರೆ ಎಂದು ಪೋಲೀಸರು ಕೈಚೆಲ್ಲಿದರು. ನೀವು ಊರಿನ ನೆಂಟರಿಗೆಲ್ಲ ಫೋನು ಮಾಡುತ್ತ ಕೂತಿರಿ. ಅಷ್ಟು ಹೊತ್ತೂ, ಕಾಲು ತಪ್ಪಿ ಸೊಂಟ ಮುರಿದುಕೊಂಡು, ಕಳವಾ ಸ್ಟೇಷನ್ನಿನ ಹಳಿಗಳಾಚೆ ಸಮುದ್ರದ ಹಿನ್ನೀರಿನ ಖಾಡಿಯ ಪಕ್ಕದ ಪೊದೆಗಳಲ್ಲಿ ಅವರು ಬಿದ್ದಿದ್ದರು. ಕ್ಯಾಂಟೀನಿಗೆಂದೇ ಇಳಿದಿರಬೇಕು, ಅಷ್ಟು ವರ್ಷ ಇಳಿದ ಸ್ಟೇಷನ್ನು ಅದು. ಅವರಿಗೆ ಮರೆವಿದೆ, ಹಳೆಯ ಜಾಗಗಳಲ್ಲಿ ಹುಡುಕಿ ಎಂದು ನಾನು ಒಂದು ಮಾತು ಹೇಳಿದ್ದರೆ ಅದೇ ದಿನ ಸಿಗುತ್ತಿದ್ದರು. ಎರಡು ರಾತ್ರಿ ಅವರು ಅಲ್ಲಿದ್ದರು, ಅಕ್ಕಾ.

ಸಿಕ್ಕಿದ ಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ, ನಿಮ್ಮನ್ನು ಗುರುತಿಸಲೂ ಇಲ್ಲ. ಮೊದಲೇ ತಂದಿದ್ದರೆ ನೆನಪನ್ನು ಇನ್ನೂ ಸ್ವಲ್ಪ ಕಾಲ ಹಿಡಿದಿಡಬಹುದಿತ್ತು ಎಂದು ಡಾಕ್ಟರು ಹೇಳಿದಾಗ, "ನಾಟಕದ ದಿನ ಸರಿಯಾಗಿಯೇ ಇದ್ರಲ್ಲ, ಅಷ್ಟು ಮಾತು ಒಂದೂ ತಪ್ಪದೆ ಆಡಿದ್ರಲ್ಲ" ಎಂದು ಅತ್ತಿರಿ. ಕೊನೆಯವರೆಗೂ ಹಾಸಿಗೆಯ ಪಕ್ಕ ಕೂತು ನೀವು ಅವರನ್ನು ಕೇಳುತ್ತಿದ್ದುದು ಒಂದೇ ಮಾತು — ನಾನು ಜೊತೆಗೆ ಬರಲಿಲ್ಲ ಅಂತ ಸಿಟ್ಟಾ? ನಾನು ಹಣ್ಣು ತಂದು, ಆ ಮಾತು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಬರುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಇದನ್ನು ಮಣ್ಣು ಮಾಡಬಹುದೆಂದುಕೊಂಡಿದ್ದೆ. ಆದರೆ ಕಳೆದ ವಾರ ನಿಮ್ಮ ಮನೆಯಲ್ಲಿದ್ದೆನಲ್ಲ — ಅಂದು ಕೂಸಾಗಿದ್ದ ನಿಮ್ಮ ಮೊಮ್ಮಗಳು ಅಜ್ಜನ ಫೋಟೋ ನೋಡುತ್ತ, "ಅಜ್ಜಿ, ಅಜ್ಜಾ ಗುಸ್ಸಾ ಹೋಕೆ ಚಲೇ ಗಯೇ ಥೇ ಕ್ಯಾ?" ಎಂದಳು, ಅಜ್ಜ ಸಿಟ್ಟಾಗಿ ಹೊರಟುಹೋದರಾ ಎಂದು. ನೀವು ಅವಳ ತಲೆ ಬಾಚುತ್ತಲೇ, "ಹೌದು ಮಗಾ. ನನ್ನ ಮೇಲೆ" ಎಂದಿರಿ. ನನ್ನ ಕಡೆ ತಿರುಗಿ, "ರಾಘಣ್ಣನಿಗೆ ಗೊತ್ತುಂಟು, ಅವರೇ ಹತ್ತಿಸಿದ್ದು" ಎಂದಿರಿ. ನಾನು ತಲೆಯಾಡಿಸಿದೆ. ನನ್ನ ಸುಳ್ಳು ಈಗ ಮಕ್ಕಳಿಗೆ ಹೇಳುವ ಕಥೆಯಾಗಿದೆ.

ಆ ಸಂಜೆ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಆದದ್ದು ಇಷ್ಟು. ಕಿಟಕಿಯ ಸರಳಿನೊಳಗಿಂದ ಅವರು ನನ್ನ ಅಂಗಿಯ ತೋಳು ಹಿಡಿದುಕೊಂಡರು. ಬಿಗಿಯಾಗಿ ಹಿಡಿದರು. ಸಿಟ್ಟಿನ ಸುಳಿವೂ ಇರಲಿಲ್ಲ, ಹೆದರಿದ್ದರು.

"ಎಲ್ಲಿ ಇಳಿಯುವುದು ಮಾರಾಯ? ಗುಲಾಬಿ ಯಾವ ಸ್ಟೇಷನ್ನಿನಲ್ಲಿ ನಿಂತಿರ್ತಾಳೆ?"

ಕೇಳಿಸಿತು, ಅಕ್ಕಾ. ಸ್ಪಷ್ಟವಾಗಿ ಕೇಳಿಸಿತು. ಶಾಲಿನ ಸನ್ಮಾನಕ್ಕೆ ಹೊತ್ತಾಗುತ್ತದೆಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. "ನಾಟಕ ಮುಗೀತ್ರೀ ಅಣ್ಣಾರ, ಸಾಕು" ಎಂದು ನಕ್ಕು ಬೆನ್ನು ಹಾಕಿದೆ. ಗಾಡಿ ಬಿಟ್ಟ ಸದ್ದು ಮೆಟ್ಟಿಲು ಹತ್ತುವಾಗ ಕೇಳಿಸಿತು.

ಇದನ್ನು ಓದಿದ ಮೇಲೆ ಅವರ ಕೊನೆಯ ನಾಟಕ ನಿಮಗೆ ಉಳಿಯುವುದಿಲ್ಲ, ಅದನ್ನೂ ನಾನೇ ಕಿತ್ತುಕೊಳ್ಳುತ್ತಿದ್ದೇನೆ. ಕ್ಷಮಿಸಿ ಎಂದು ಕೇಳುವ ಬಾಯಿ ನನಗಿಲ್ಲ. ಭಾನುವಾರ ಮೊಮ್ಮಗಳು ನಿಮ್ಮಲ್ಲಿ ಇರುತ್ತಾಳಲ್ಲ, ಅಂದೇ ಬರುತ್ತೇನೆ. ಈ ಕಾಗದ ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಆಮೇಲೆ ಆ ಹುಡುಗಿಗೂ ಅವಳಿಗೆ ತಿಳಿಯುವ ಹಿಂದಿಯಲ್ಲೇ ಹೇಳುತ್ತೇನೆ: ನಿನ್ನ ಅಜ್ಜ ಸಿಟ್ಟು ಮಾಡಿಕೊಂಡು ಹೋಗಲಿಲ್ಲ ಮಗಾ, ಅವರು ನಿನ್ನ ಅಜ್ಜಿಯನ್ನೇ ಹುಡುಕುತ್ತಿದ್ದರು, ದಾರಿ ಕೇಳಿದಾಗ ಹೇಳದೆ ಬಂದವನು ನಾನು.