ಕ್ರೇನಿನವರೆಗೆ ತಲುಪುವ ಲೆನ್ಸು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಸ್ಟುಡಿಯೋ ಮಾಮ ಎಂದರೆ ಸಾಕು. ಪಾಸ್‌ಪೋರ್ಟ್ ಫೋಟೋಗೆಂದು ಬಂದವರ ಗಲ್ಲ ಹಿಡಿದು ತಿರುಗಿಸಿ, ಕಾಲರ್ ಎಳೆದು ಸರಿಮಾಡಿ, ಚೆನ್ನಾಗಿ ಜೀವ ತಿಂದು, ಅಷ್ಟಾದರೂ ಸಮಾಧಾನವಾಗದೆ ಇನ್ನೊಂದು ತೆಗೆಯುವ ಮನುಷ್ಯ. ಚೂರು ಮಸುಕಾದ ಚಿತ್ರವನ್ನೂ ಗಿರಾಕಿಯ ಕಣ್ಣಿಗೆ ಬೀಳಲು ಬಿಟ್ಟವರಲ್ಲ. ರೀಲಿನ ಕಾಲದಲ್ಲಿ ಕತ್ತರಿ ಹಾಕುತ್ತಿದ್ದರು, ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಡಿಲೀಟ್ ಗುಂಡಿ ಒತ್ತುತ್ತಿದ್ದರು. ಕೆಟ್ಟದ್ದು ಹೊರಗೆ ಹೋದರೆ ಅಂಗಡಿಯ ಮಾನ ಹೋಯಿತು ಎಂಬುದು ಅವರ ಲೆಕ್ಕ.

ಇಂಥ ಹಟಮಾರಿಗೆ ಹುಟ್ಟಿದ ಮಗಳು ಸಾಧುವಾಗಿರಲು ಹೇಗೆ ಸಾಧ್ಯ? ಸ್ಟುಡಿಯೋ ನೋಡಿಕೋ ಎಂದರೆ ಟವರ್ ಕ್ರೇನ್ ಓಡಿಸುವುದನ್ನು ಕಲಿತು ಬಂದಳು.

"ಆಕಾಶದಲ್ಲಿ ಕೂತು ಕಬ್ಬಿಣ ಎತ್ತೋದು ಒಂದು ಕೆಲಸಾನಾ? ಅಷ್ಟು ಇಷ್ಟ ಇದ್ರೆ ಈ ಹೊಸಿಲು ತುಳೀಬೇಡ" ಎಂದರು ಮಾಮ.

"ಆಯ್ತಪ್ಪ. ನೀವಾಗಿ ಕರೆಯೋವರೆಗೂ ತುಳಿಯಲ್ಲ" ಎಂದು ಮಗಳು ಚೀಲ ಹೆಗಲಿಗೇರಿಸಿ ಹೋದಳು. ಇಬ್ಬರೂ ಆಡಿದ ಮಾತಿಗೆ ಜೋತುಬಿದ್ದರು. ನಡುವೆ ಸವೆದವಳು ಅಮ್ಮ.

ಆಮೇಲೆ ಅಮ್ಮನಿಗೆ ಗಂಟಲಿನ ಕಾಯಿಲೆ ಬಂತು. ಆಪರೇಷನ್ ಆದ ಮೇಲೆ ಸ್ವರ ಹೋಗಿ ಬರೀ ಪಿಸುಮಾತು ಉಳಿಯಿತು. ಫೋನಿನಲ್ಲಿ ಅದು ಕೇಳಿಸುತ್ತಿರಲಿಲ್ಲ, ಬೆರಳಾಡಿಸಿ ಸಂದೇಶ ಕಳಿಸಲು ಅವಳಿಗೆ ಬರುತ್ತಿರಲಿಲ್ಲ. ಚಿಕ್ಕಮ್ಮನೊಬ್ಬಳು ಅತ್ತಿತ್ತ ಸುದ್ದಿ ಮುಟ್ಟಿಸುತ್ತಿದ್ದಳು. ಮಾಮ ಅವಳ ಕೈಯಲ್ಲಿ, "ಅಮ್ಮ ಹುಷಾರಾಗ್ತಿದ್ದಾಳೆ ಅಂತ ಹೇಳು" ಎಂದಷ್ಟೇ ಹೇಳಿಸಿದರು. ವೈದ್ಯರು ಹೇಳಿದ್ದು ಬೇರೆ. ಅದನ್ನು ಹೇಳಿದರೆ ಮಗಳನ್ನು ಕರೆದಂತಾಗುತ್ತದಲ್ಲ!

ಮಗಳು ಈಗ ಕೆಲಸ ಮಾಡುವ ಕ್ರೇನು ಮನೆಯ ತಾರಸಿಗೆ ಕಾಣುತ್ತದೆ ಎಂಬ ಸುದ್ದಿ ತಂದವಳೂ ಆ ಚಿಕ್ಕಮ್ಮನೇ. ಅಂದು ಸಂಜೆ ಅಮ್ಮ ಗಂಡನ ತೋಳು ಹಿಡಿದು ಪಿಸುಗುಟ್ಟಿದಳು: "ಒಂದ್ಸಲ ಅವಳ ಮುಖ ತೋರಿಸಿ. ಸೊರಗಿದ್ದಾಳೋ ಏನೋ."

ಒಂದು ಫೋನ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾಮನಿಗೆ ಫೋನ್ ಎತ್ತುವುದಕ್ಕಿಂತ ಊರೆಲ್ಲ ಸುತ್ತಿ ಲೆನ್ಸು ಹುಡುಕುವುದೇ ಹಗುರವೆನಿಸಿತು. ಎಂಥ ಜನ್ಮವೋ!

ಹಳೇ ಕ್ಯಾಮೆರಾ ರಿಪೇರಿ ಮಾಡುವ ಗೆಳೆಯ ಎರಡು ಲೆನ್ಸುಗಳನ್ನು ಮೇಜಿನ ಮೇಲಿಟ್ಟ. ಒಂದು ಮೊಣಕೈಯುದ್ದದ ಗಾಜಿನ ಲೆನ್ಸು, ಇನ್ನೊಂದು ಗಿಡ್ಡಗೆ ದಪ್ಪಗೆ ಅವಲಕ್ಕಿ ಡಬ್ಬಿಯಂತಿತ್ತು.

"ಇದು ಕನ್ನಡಿ ಲೆನ್ಸು ಮಾರಾಯ. ಒಳಗೆ ಬೆಳಕು ಕನ್ನಡಿಗೆ ಬಡಿದು ಹಿಂದೆ ಮುಂದೆ ಓಡಾಡುತ್ತೆ, ಅದಕ್ಕೇ ಉದ್ದ ಇಲ್ಲ, ಭಾರ ಇಲ್ಲ. ಆದ್ರೆ ಮೊದಲೇ ಹೇಳಿಬಿಡ್ತೀನಿ. ಬೆಳಕು ಕಮ್ಮಿ ಆದ್ರೆ ಒದ್ದಾಡುತ್ತೆ. ಫೋಕಸ್ ಕೈಯಲ್ಲೇ ತಿರುಗಿಸ್ಬೇಕು. ಹಿಂದೆ ಏನಾದ್ರೂ ಹೊಳೀತಿದ್ರೆ ಬಳೆಬಳೆಯಾಗಿ ಬರುತ್ತೆ. ನಿನ್ನಂಥ ಗೊಣಗಪ್ಪನಿಗೆ ಗಾಜಿಂದೇ ಸರಿ."

ಮಾಮ ಗಾಜಿನದನ್ನು ಎತ್ತಿ ನೋಡಿದರು. ಮೊದಲೇ ನೋಯುತ್ತಿದ್ದ ಭುಜ ಚಳಕ್ ಎಂದಿತು. ದಿನಾ ಅದನ್ನು ಹೊತ್ತು ತಾರಸಿ ಹತ್ತುವುದು ಆಗದ ಮಾತು.

"ಏನು ತೆಗೀಬೇಕು ಅಷ್ಟು ದೂರದ್ದು?" ಎಂದ ಗೆಳೆಯ.

"ಹಕ್ಕಿ" ಎಂದು ಹೇಳಿ, ಮಾಮ ಕನ್ನಡಿ ಲೆನ್ಸನ್ನು ಕೈಚೀಲಕ್ಕೆ ಹಾಕಿಕೊಂಡರು.

ಮರುದಿನದಿಂದ ಮಧ್ಯಾಹ್ನದ ಊಟದ ಹೊತ್ತಿಗೆ, ಕ್ರೇನಿನ ತೋಳು ನಿಂತ ಕೂಡಲೇ, ಮಾಮ ಸ್ಟ್ಯಾಂಡಿಗೆ ಕ್ಯಾಮೆರಾ ಕಚ್ಚಿಸಿ ಕಾಯುತ್ತಿದ್ದರು. ಮಗಳು ಸಿಕ್ಕಳು. ಸಿಕ್ಕಳು ಎಂದರೆ, ಕ್ಯಾಬಿನ್ನಿನ ನೆರಳಿನಲ್ಲಿ ಕೂದಲು, ಗಲ್ಲ, ಹಳದಿ ಅಂಗಿ. ಆದರೆ ದೊಡ್ಡದು ಮಾಡಿ ನೋಡಿದರೆ ಹಿಂದಿನ ಕಂಬಿಗಳ ಹೊಳಪೆಲ್ಲ ಬಳೆಗಳಾಗಿತ್ತು. ಮುಖದ ಮುಂದೆ ಕೈಯೊಂದು ಅಲ್ಲಾಡಿ ಎಲ್ಲ ಕಲಸಿಹೋಗಿತ್ತು. ಗಾಜು ಒರೆಸುತ್ತಿದ್ದಾಳೆ ಎಂದುಕೊಂಡರು. "ಒಂದು ನಿಮಿಷ ನೆಟ್ಟಗೆ ಕೂರೋಕೆ ಬರಲ್ಲ ಇವಳಿಗೆ" ಎಂದು ಗೊಣಗಿ ಅಳಿಸಿದರು. ಮರುದಿನವೂ ಅದೇ ಕೈ, ಅದರ ಮರುದಿನವೂ ಅದೇ ಕೈ. ಎಲ್ಲವನ್ನೂ ಅಳಿಸಿದರು.

ಕೆಳಗೆ ಅಮ್ಮ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದಳು. ಗಂಡನ ಹೆಜ್ಜೆ ಕೇಳಿದರೆ ಹುಬ್ಬೇರಿಸುತ್ತಿದ್ದಳು.

"ಇವತ್ತು ಸರಿ ಬರಲಿಲ್ಲ ಕಣೆ."

"ಹೆಂಗಿದ್ರೂ ಪರವಾಗಿಲ್ಲ. ತೋರಿಸಿ."

"ಅಂಥದ್ದನ್ನ ಏನಂತ ತೋರಿಸಲಿ? ನಾಳೆ ಬಿಸಿಲು ಚೆನ್ನಾಗಿ ಬರಲಿ, ನಿನ್ನ ಮಗಳನ್ನ ಕಣ್ಣಿಗೆ ಕಟ್ಟೋ ಹಾಗೆ ತೆಗೆದುಕೊಡ್ತೀನಿ."

ಅವಳು ನಕ್ಕು ಗೋಡೆಯ ಕಡೆ ಮಗ್ಗುಲಾದಳು. ಅವಳ ಪಾಲಿಗೆ ಇನ್ನು ನಾಳೆಗಳು ಹೆಚ್ಚಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಒಳ್ಳೆಯ ಚಿತ್ರಕ್ಕಾಗಿ ಕಾದರು.

ಒಂದು ಬೆಳಿಗ್ಗೆ ಅಮ್ಮ ಏಳಲಿಲ್ಲ. ಆಗ ಮಾಮ ಫೋನ್ ಮಾಡಿದರು. "ಬಾ ಮಗಳೇ" ಎಂದಷ್ಟೇ ಹೇಳಿದರು.

ಮಣ್ಣು ಮಾಡಿ ಬಂದು, ನೆಂಟರೆಲ್ಲ ಹೊರಟ ಮೇಲೆ ಅಪ್ಪ ಮಗಳು ಖಾಲಿ ಮಂಚದ ಪಕ್ಕ ಕೂತರು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು.

"ನೀವು ಕ್ಯಾಮೆರಾ ಇಟ್ಕೊಂಡು ತಾರಸಿ ಮೇಲೆ ನಿಂತಿರೋದು ಮೇಲಿಂದ ಕಾಣ್ತಿತ್ತು ಅಪ್ಪ" ಎಂದಳು. "ಅಮ್ಮನಿಗೆ ತೋರಿಸೋಕೇ ತೆಗೀತಿದ್ದೀರಿ ಅಂತ ಗೊತ್ತಾಯ್ತು. ಅದಕ್ಕೇ ದಿನಾ ಅವಳಿಗೆ ಅಂತ ಕೈ ಬೀಸ್ತಿದ್ದೆ. ನೋಡಿದ್ಲಾ? ಏನಂದ್ಲು?"

ನೋಡಿದಳು ಎಂದುಬಿಡಬಹುದಿತ್ತು. ಮಾಮನ ಬಾಯಿಗೆ ಆ ಮಾತು ಬಂದೂ ಇತ್ತು. ಮಗಳ ಮುಖ ನೋಡಿ ಅದನ್ನು ಆಡಲಾಗಲಿಲ್ಲ.

"ಇಲ್ಲಮ್ಮ. ಚೆನ್ನಾಗಿ ಬಂದಿಲ್ಲ ಅಂತ ಒಂದನ್ನೂ ತೋರಿಸಲಿಲ್ಲ. ಕೈ ಅಲ್ಲಾಡಿತ್ತು ಅಂತ ಅಳಿಸಿಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ" ಎಂದರು ಅವರು.